ಕ್ಲಚ್ ಬಿಗಿ ಮಾಡಿದ ಕೈ

"ಕಾಲು ಬೇಡ, ಕೈಯಿಂದಲೇ ಒತ್ತಿ ನೋಡಿ ಸಾರ್," ಎಂದು ಗ್ಯಾರೇಜಿನ ಮೇಸ್ತ್ರಿ ಕಾರಿನ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದ.

ನಿಧಾನಪ್ಪ ಬಗ್ಗಿ ಕ್ಲಚ್ ಪೆಡಲ್ಲಿನ ಮೇಲೆ ಅಂಗೈ ಊರಿದ. ಪೆಡಲ್ಲು ಎರಡು ಬೆರಳಿನಷ್ಟು ಕೆಳಗೆ ಹೋಗಿ, ಗೋಡೆಗೆ ತಾಗಿದಂತೆ ನಿಂತುಬಿಟ್ಟಿತು. ಎರಡೂ ಕೈ ಹಾಕಿ ಮೈಭಾರ ಬಿಟ್ಟ. ಪೆಡಲ್ಲು ಒಂದಿಷ್ಟು ನರಳಿತೇ ಹೊರತು ಇಳಿಯಲಿಲ್ಲ.

ವಾರದ ಹಿಂದೆ ಒಂದು ಬೆಳಿಗ್ಗೆ ಈ ಪೆಡಲ್ಲು ಹೀಗೆ ಹಟ ಹಿಡಿದು ಕಾರನ್ನು ಮನೆಯಲ್ಲೇ ನಿಲ್ಲಿಸದಿದ್ದರೆ ಅದರ ಒಡತಿ ನರ್ಸಮ್ಮ ಬದುಕಿರುತ್ತಿರಲಿಲ್ಲ. ಯಾಕೆಂದರೆ ಅದೇ ಕಾರಿನ ಬ್ರೇಕ್ ಪೈಪಿನ ನಟ್ಟನ್ನು ಯಾರೋ ಸಡಿಲಿಸಿದ್ದರು, ಮತ್ತು ನರ್ಸಮ್ಮನ ಮನೆಯ ಗೇಟು ದಾಟಿದ ಕೂಡಲೇ ಸಿಗುವುದು ಕಡಿದಾದ ಇಳಿಜಾರು.

ನಟ್ಟು ಸಡಿಲಿಸಿದವರು ಯಾರು ಎಂದು ಪೊಲೀಸರು ಒಂದು ವಾರದಿಂದ ಹುಡುಕುತ್ತಿದ್ದರು. ನಿಧಾನಪ್ಪನ ತಲೆಯಲ್ಲಿ ಕೊರೆಯುತ್ತಿದ್ದದ್ದು ಬೇರೆ ಪ್ರಶ್ನೆ. ಇಷ್ಟು ವರ್ಷ ಬೆಣ್ಣೆಯಂತಿದ್ದ ಕ್ಲಚ್ಚು ಸರಿಯಾಗಿ ಅವತ್ತೇ ಯಾಕೆ ಬಿಗಿಯಾಯಿತು?

ವಿಮಾ ಕಂಪನಿಯಲ್ಲಿ ಅಪಘಾತಗಳ ತನಿಖೆ ಮಾಡಿ ನಿವೃತ್ತನಾದ ಆತನಿಗೆ ನಿಧಾನಪ್ಪ ಎಂಬ ಅಡ್ಡಹೆಸರು ಬಿದ್ದದ್ದು ಆಫೀಸಿನಲ್ಲಿ. ಈಗ ಎದುರಿಗೇ ಕರೆದರೂ ಆತ ಬೇಸರಪಡುತ್ತಿರಲಿಲ್ಲ.

"ನಿಧಾನಪ್ಪನೋರೇ, ಅದನ್ನ ಜಾಸ್ತಿ ನೋಯಿಸ್ಬೇಡಿ," ಎಂದರು ನರ್ಸಮ್ಮ. ಶೆಡ್ಡಿನ ಮೂಲೆಯಲ್ಲಿ, ಗ್ರೀಸು ತಾಗದಂತೆ ಹಳೇ ಬೆಡ್‌ಶೀಟು ಹಾಸಿದ ಕುರ್ಚಿಯಲ್ಲಿ ಅವರು ಕೂತಿದ್ದರು. "ನನ್ನ ಜೀವ ಉಳಿಸಿದ ಗಾಡಿ ಅದು. ಸ್ವಲ್ಪ ಮರ್ಯಾದೆಯಿಂದ ಮುಟ್ಟಿ."

ಮೇಸ್ತ್ರಿ ನಕ್ಕ. "ಪೇಶೆಂಟು ಅಂದ್ಕೊಂಡೇ ಮುಟ್ತೀವಿ, ನರ್ಸಮ್ಮ."

"ಕ್ಲಚ್ ಬಿಗಿಯಾಗೋಕೆ ಏನೇನು ಕಾರಣ ಇರುತ್ತೆ?" ಎಂದು ನಿಧಾನಪ್ಪ ಕೇಳಿದ.

"ಹಳೇ ಗಾಡಿ ಸಾರ್, ಕಾರಣಕ್ಕೇನು ಬರ. ಪೆಡಲ್ಲಿನ ಬುಡ ತುಕ್ಕು ಹಿಡಿದಿರಬಹುದು. ಪೆಡಲ್ಲಿಂದ ಗೇರ್‌ಬಾಕ್ಸಿಗೆ ಹೋಗೋ ಕೇಬಲ್ ಒಳಗೇ ಹರಿದಿರಬಹುದು. ಆ ಕೇಬಲ್ ಎಳೆಯೋ ಸನ್ನೆಕೋಲು ಇರುತ್ತೆ, ಅದು ಒಣಗಿ ಕಚ್ಕೊಂಡಿರಬಹುದು. ಇಲ್ಲಾಂದ್ರೆ ಒಳಗಿನ ಪ್ಲೇಟೇ ಸವೆದುಹೋಗಿರಬಹುದು."

"ಇದ್ರಲ್ಲಿ ಯಾವುದು ಅಂತ ಹೇಗೆ ಗೊತ್ತಾಗುತ್ತೆ?"

"ಒಂದೊಂದನ್ನೇ ಬಿಡಿಸಿ ಬಿಡಿಸಿ ನೋಡೋದು. ನಿಮ್ಮ ಕೆಲ್ಸಾನೂ ಅದೇ ತಾನೆ?"

ಮೇಸ್ತ್ರಿ ಬಾನೆಟ್ಟಿನ ಮೇಲೆ ಬಗ್ಗಿ, ಗೇರ್‌ಬಾಕ್ಸಿನ ಕಡೆ ಕೇಬಲ್ಲಿನ ತುದಿ ಕಳಚಿದ. ಸನ್ನೆಕೋಲಿಗೆ ಉದ್ದನೆಯ ಸ್ಪ್ಯಾನರ್ ಸಿಕ್ಕಿಸಿ ಎಳೆದ. ಅದು ಹದವಾಗಿ ಬಂತು, ಬಿಟ್ಟೊಡನೆ ಹಿಂದಕ್ಕೆ ಹೋಯಿತು. "ಇದು ಚೆನ್ನಾಗಿದೆ," ಎಂದ. ಆಮೇಲೆ ಸ್ಟಿಯರಿಂಗಿನ ಕೆಳಗೆ ತಲೆ ತೂರಿಸಿ ಪೆಡಲ್ಲಿನ ಕಡೆಯ ತುದಿಯನ್ನೂ ಬಿಚ್ಚಿದ. ಗೋಡೆಯಂತಿದ್ದ ಪೆಡಲ್ಲು ಈಗ ಉಯ್ಯಾಲೆಯ ಹಾಗೆ ಹಗುರವಾಗಿ ತೂಗಿತು.

"ಪೆಡಲ್ಲೂ ಚೆನ್ನಾಗಿದೆ. ಉಳಿದದ್ದು ಕೇಬಲ್ಲು."

"ಪ್ಲೇಟು?"

"ಅದಕ್ಕೆ ಹೊಸ ಕೇಬಲ್ ಹಾಕಿ ಒಂದು ಪರೀಕ್ಷೆ ಮಾಡ್ಬೇಕು," ಎಂದು ಮೇಸ್ತ್ರಿ ನರ್ಸಮ್ಮನ ಕಡೆ ತಿರುಗಿದ. "ನೋಡಿ, ಮೊದಲೇ ಹೇಳ್ಬಿಡ್ತೀನಿ. ಪ್ಲೇಟು ಹೋಗಿದ್ರೆ ಗೇರ್‌ಬಾಕ್ಸ್ ಕೆಳಗಿಳಿಸ್ಬೇಕು. ಇಳಿಸಿದ ಮೇಲೆ ಪ್ಲೇಟೊಂದೇ ಹಾಕಿದ್ರೆ ದಡ್ಡತನ, ಬೇರಿಂಗೂ ಎಲ್ಲ ಹೊಸದೇ ಹಾಕ್ಬೇಕು. ಗಾಡಿ ಮಾರಿದ್ರೆ ಬರೋದಕ್ಕಿಂತ ಅದರ ಖರ್ಚೇ ಹೆಚ್ಚಾಗಬಹುದು. ಆಗ ನಿಮ್ಮ ಅಳಿಯ ಹೇಳೋ ಮಾತಲ್ಲೂ ಅರ್ಥ ಇದೆ."

"ಅವನು ಏನು ಹೇಳ್ತಾನೆ?" ಎಂದ ನಿಧಾನಪ್ಪ.

"ಗುಜರಿಗೆ ಹಾಕಿ ಅಂತಾನೆ," ಎಂದರು ನರ್ಸಮ್ಮ. "ಒಂದು ವಾರದಿಂದ ಅದೇ ರಾಗ. 'ಅತ್ತೆ, ನಾನೇ ಆಳು ಕರ್ಕೊಂಡು ಬರ್ತೀನಿ, ನೀವು ತಲೆ ಕೆಡಿಸ್ಕೋಬೇಡಿ.' ನಾನು ಒಪ್ಪಲಿಲ್ಲ. ಡ್ಯೂಟಿ ಮುಗಿಸಿ ಕಣ್ಣು ಬಿಡೋಕಾಗದೆ ಬರ್ತಿದ್ದ ದಿನಗಳಲ್ಲಿ ನನ್ನನ್ನ ಮನೆಗೆ ಮುಟ್ಟಿಸಿದ ಗಾಡಿ. ಮೊನ್ನೆ ಹೀಗೆ ಕಾಪಾಡ್ತು. ತೂಕಕ್ಕೆ ಹಾಕೋಕೆ ನನಗೆ ಮನಸ್ಸು ಬರಲ್ಲ."

ನಿಧಾನಪ್ಪ 'ಒಂದು ವಾರದಿಂದ' ಎನ್ನುವುದನ್ನು ಮನಸ್ಸಿನಲ್ಲಿ ಎತ್ತಿಟ್ಟುಕೊಂಡ.

ಮೇಸ್ತ್ರಿ ಹೊಸ ಕೇಬಲ್ ಹಾಕಿದ. ಬ್ರೇಕಿನ ಪೈಪನ್ನು ಅವನು ಮೊದಲೇ ಬದಲಾಯಿಸಿದ್ದ. ಎಂಜಿನ್ ಶುರು ಮಾಡಿ, ಹ್ಯಾಂಡ್‌ಬ್ರೇಕನ್ನು ಗಟ್ಟಿಯಾಗಿ ಎಳೆದು, ಗಾಡಿಯನ್ನು ಮೂರನೇ ಗೇರಿಗೆ ಹಾಕಿದ.

"ಈಗ ಕ್ಲಚ್ ಬಿಡ್ತೀನಿ. ಎಂಜಿನ್ ಥಟ್ ಅಂತ ನಿಂತುಹೋದ್ರೆ ಪ್ಲೇಟು ಹಿಡೀತಾ ಇದೆ ಅಂತ. ನಿಲ್ಲದೆ ಕೂಗ್ತಾ ಇದ್ರೆ ಜಾರ್ತಾ ಇದೆ ಅಂತ."

ನರ್ಸಮ್ಮ ಕುರ್ಚಿ ಬಿಟ್ಟು ಎದ್ದು ನಿಂತರು. ವೈದ್ಯರು ವರದಿ ಓದುವಾಗ ರೋಗಿಯ ಮನೆಯವರು ನಿಲ್ಲುವಂತೆ ನಿಂತರು.

ಮೇಸ್ತ್ರಿ ಕಾಲು ತೆಗೆದ. ಗಾಡಿ ಒಮ್ಮೆ ಮುಗ್ಗರಿಸಿತು. ಎಂಜಿನ್ ನಿಂತುಹೋಯಿತು.

"ಕಲ್ಲಿನ ಹಾಗಿದೆ," ಎಂದು ಮೇಸ್ತ್ರಿ ಇಳಿದು ಬಂದ. "ಗೇರ್‌ಬಾಕ್ಸ್ ಇಳಿಸೋ ಮಾತೇ ಬೇಡ. ಕೇಬಲ್ಲಿಗೇ ಮುಗೀತು. ಇನ್ನೂ ಸುಮಾರು ವರ್ಷ ಓಡಿಸಿ."

ನರ್ಸಮ್ಮ ಅವನ ಎರಡೂ ಕೈ ಹಿಡಿದುಕೊಂಡರು, ಗ್ರೀಸನ್ನು ಲೆಕ್ಕಿಸದೆ. "ನೀನು ಅವತ್ತು ಮನೆಗೆ ಬಂದು ಬಗ್ಗಿ ನೋಡದಿದ್ರೆ ಬ್ರೇಕಿನ ವಿಷಯ ಯಾರಿಗೂ ಗೊತ್ತಾಗ್ತಿರಲಿಲ್ಲ, ಅಪ್ಪಾ. ನಿನ್ನ ಋಣ ಹೇಗೆ ತೀರಿಸ್ಲಿ."

"ನೆಲ ಒದ್ದೆ ಆಗಿತ್ತು, ನೋಡ್ದೆ. ಅಷ್ಟೇ," ಎಂದು ಅವನು ಸಂಕೋಚದಿಂದ ಕೈ ಬಿಡಿಸಿಕೊಂಡ.

ಅಷ್ಟು ಹೊತ್ತೂ ನಿಧಾನಪ್ಪ ಹಳೆಯ ಕೇಬಲ್ಲನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಂತಿದ್ದ. ಮಧ್ಯದಲ್ಲಿ ಒಂದು ಕಡೆ ಅದಕ್ಕೆ ಕಪ್ಪು ಟೇಪು ಸುತ್ತಿತ್ತು. ಉಳಿದ ಭಾಗಕ್ಕೆಲ್ಲ ವರ್ಷಗಳ ಧೂಳು ಮೆತ್ತಿತ್ತು. ಟೇಪಿನ ಮೇಲೆ ಧೂಳಿರಲಿಲ್ಲ.

"ಇದು ನಿಮ್ಮ ಕೆಲಸವಾ, ಮೇಸ್ತ್ರಿ?"

"ಅಲ್ಲ ಸಾರ್. ಇದು ಬಟ್ಟೆ ಟೇಪು. ನಾವು ಬಳಸಲ್ಲ."

ಟೇಪನ್ನು ಬಿಚ್ಚಿದರು. ಒಳಗೆ ಕೇಬಲ್ಲಿನ ಹೊರಕವಚ ಚಪ್ಪಟೆಯಾಗಿತ್ತು. ಎರಡೂ ಬದಿಗೆ ಇಕ್ಕಳದ ಹಲ್ಲಿನ ಗುರುತು, ಕಚ್ಚಿದ ಹಾಗೆ.

ಮೇಸ್ತ್ರಿಯ ಮುಖ ಗಂಭೀರವಾಯಿತು. "ಬೇಕಂತಲೇ ಜಜ್ಜಿದ್ದಾರೆ. ಒಳಗಿನ ತಂತಿ ಜಾರೋಕಾಗಬಾರದು ಅಂತ."

"ಒಬ್ಬರು ಬ್ರೇಕ್ ಸಡಿಲ ಮಾಡಿದ್ರು," ಎಂದ ನಿಧಾನಪ್ಪ ನಿಧಾನವಾಗಿ. "ಇನ್ನೊಬ್ಬರು ಕ್ಲಚ್ ಬಿಗಿ ಮಾಡಿದ್ರು. ಒಬ್ಬರು ನಿಮ್ಮನ್ನ ಕೊಲ್ಲೋಕೆ ಹೊರಟ್ರು, ಒಬ್ಬರು ಉಳಿಸೋಕೆ."

ನರ್ಸಮ್ಮ ಮತ್ತೆ ಕುರ್ಚಿಯಲ್ಲಿ ಕೂತರು. "ಆ ಎರಡನೆಯವರನ್ನ ಮೊದಲು ಹುಡುಕಿಕೊಡಿ," ಎಂದರು. "ಕೊಲ್ಲೋಕೆ ಬಂದವರು ಆಮೇಲೆ ಸಿಗಲಿ. ನನಗೆ ಕೈ ಮುಗಿಯೋದಿದೆ."

"ಬಟ್ಟೆ ಟೇಪು ಯಾರು ಬಳಸ್ತಾರೆ, ಮೇಸ್ತ್ರಿ?"

ಮೇಸ್ತ್ರಿ ನರ್ಸಮ್ಮನ ಮುಖ ನೋಡಿ ತಲೆ ತಗ್ಗಿಸಿದ. "ಸ್ಟೇಜ್ ಮೇಲೆ ವೈರುಗಳನ್ನ ನೆಲಕ್ಕೆ ಅಂಟಿಸೋರು. ಮೈಕ್ ಸೆಟ್ಟಿನವರು."

ನರ್ಸಮ್ಮನ ಅಳಿಯನಿಗೆ ಮೈಕ್ ಸೆಟ್ಟಿನ ಅಂಗಡಿಯಿತ್ತು.

*

ಅಂಗಡಿಗೆ ನಡೆದೇ ಹೋದರು. ದಾರಿಯಲ್ಲಿ ನರ್ಸಮ್ಮ ಒಂದೇ ಸಮನೆ ಮಾತಾಡುತ್ತಿದ್ದರು. ಅವತ್ತಿನಿಂದ ಎಲ್ಲರೂ ತಮ್ಮನ್ನು ಎಷ್ಟು ನೋಡಿಕೊಳ್ಳುತ್ತಿದ್ದಾರೆ ಎಂಬುದೇ ಮಾತು. ಮಗಳು ಎರಡು ಹೊತ್ತು ಬಂದು ಹೋಗುತ್ತಾಳೆ. ಪಕ್ಕದ ಮನೆಯವರು ಸಾರು ಕಳಿಸುತ್ತಾರೆ. "ನಮ್ಮನೆಯವರಂತೂ ನನ್ನನ್ನ ಅಡುಗೆಮನೆಗೂ ಒಬ್ಬಳನ್ನೇ ಬಿಡಲ್ಲ. ಕಾಫಿ ಮಾಡೋಕೆ ಬರಲ್ಲ ಪಾಪ, ಆದ್ರೂ ಮಾಡಿಕೊಡ್ತಾರೆ. ನಾನು ಚೆನ್ನಾಗಿದೆ ಅಂತೀನಿ."

ಅಂಗಡಿಯಲ್ಲಿ ಅಳಿಯ ಒಂದು ದೊಡ್ಡ ಸ್ಪೀಕರನ್ನು ಮಗುವಿನಂತೆ ಮಲಗಿಸಿ ಅದರ ಬೆನ್ನು ಬಿಚ್ಚುತ್ತಿದ್ದ. ಕೌಂಟರಿನ ಮೇಲೆ ಕಪ್ಪು ಟೇಪಿನ ಸುರುಳಿಗಳು ಬಳೆಗಳಂತೆ ಒಂದರ ಮೇಲೊಂದು ಕೂತಿದ್ದವು.

ನಿಧಾನಪ್ಪ ಕೇಬಲ್ಲನ್ನು ಆ ಸುರುಳಿಗಳ ಪಕ್ಕದಲ್ಲಿಟ್ಟ.

ಅಳಿಯ ನೋಡಿದ. ಅವನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಹಾಗೇ ನಿಂತಿತು.

"ಗುಜರಿಗೆ ಹೋಗಿದ್ರೆ ಇದು ಸಿಗ್ತಿರಲಿಲ್ಲ," ಎಂದ ನಿಧಾನಪ್ಪ. "ಅದಕ್ಕೇ ತಾನೆ ಅಷ್ಟು ಆತುರ?"

"ನಾನು ಬ್ರೇಕ್ ಮುಟ್ಟಿಲ್ಲ, ಸಾರ್."

"ಬ್ರೇಕ್ ವಿಷಯ ನಾನು ಎತ್ತಿಲ್ಲ. ಕ್ಲಚ್ ಮುಟ್ಟಿದ್ರಾ?"

ಅಳಿಯ ಅತ್ತೆಯ ಕಡೆ ನೋಡಿದ. ಬೈಗುಳಕ್ಕೆ ತಯಾರಾದವನಂತೆ ಭುಜ ಕುಗ್ಗಿಸಿದ. "ಮುಟ್ಟಿದೆ. ಅವತ್ತು ಬೆಳಿಗ್ಗೆ ಏಣಿ ತಗೊಂಡು ಹೋಗ್ತೀನಿ ಅಂತ ಬಂದಿದ್ನಲ್ಲ ಅತ್ತೆ, ಆವಾಗ. ನೀವು ಒಳಗೆ ಬೀಗದ ಕೈ ಹುಡುಕ್ತಿದ್ರಿ. ಬಾನೆಟ್ ಎತ್ತಿ, ಇಕ್ಕಳದಲ್ಲಿ ಜಜ್ಜಿ, ಕಾಣಬಾರದು ಅಂತ ಟೇಪ್ ಸುತ್ತಿದೆ. ಆಮೇಲೆ ಬ್ರೇಕಿನ ಸುದ್ದಿ ಬಂತು. ಒಂದು ಮಾಡಿದವನೇ ಇನ್ನೊಂದನ್ನೂ ಮಾಡಿದಾನೆ ಅಂತಾರೆ ಅನ್ನೋ ಹೆದರಿಕೆ. ಗಾಡಿ ಒಂದು ತೊಲಗಿದ್ರೆ ಸಾಕು ಅನ್ನಿಸ್ತು."

ನರ್ಸಮ್ಮ ಕೌಂಟರಿನ ಒಳಗೆ ಹೋದರು. ಅಳಿಯ ಒಂದು ಹೆಜ್ಜೆ ಹಿಂದೆ ಸರಿದ. ಅವರು ಅವನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿ, ನೆತ್ತಿಗೆ ಮುತ್ತು ಕೊಟ್ಟರು.

"ನಿನ್ನ ಮೈಕು ಸೆಟ್ಟಿನ ಗಲಾಟೆ ನನ್ನ ಮಗಳಿಗೆ ಯಾಕೆ ಬೇಕಿತ್ತು ಅಂತ ಎಷ್ಟು ಸಲ ಗೊಣಗಿದೀನಿ. ಇನ್ನು ಮೇಲೆ ನಮ್ಮ ಮನೆ ಮುಂದೇನೇ ಹಚ್ಚು, ನಾನು ಕೂತು ಕೇಳ್ತೀನಿ."

ಅಳಿಯನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡೂ ಒಟ್ಟಿಗೇ ಬಂತು.

ನಿಧಾನಪ್ಪ ಇಬ್ಬರನ್ನೂ ಸುಧಾರಿಸಿಕೊಳ್ಳಲು ಬಿಟ್ಟ. ಆಮೇಲೆ ಕೇಳಿದ: "ಗಾಡಿ ಹೊರಗೆ ಹೋಗಬಾರದು ಅಂತ ನಿಮಗೆ ಯಾಕನ್ನಿಸ್ತು?"

"ನನಗನ್ನಿಸಲಿಲ್ಲ. ಒಬ್ಬರು ಹೇಳಿದ್ರು."

"ಯಾರು?"

"ಹೇಳಲ್ಲ ಅಂತ ಮಾತು ಕೊಟ್ಟಿದೀನಿ."

"ಯಾರಿಗೆ ಕೊಟ್ರೋ ಅವರು ನಿಮ್ಮ ಅತ್ತೆಯ ಜೀವ ಉಳಿಸಿದಾರೆ. ಅವರನ್ನ ಹಿಡಿದುಕೊಡೋಕೆ ನಾನು ಬಂದಿಲ್ಲ."

ಅಳಿಯ ಸ್ಕ್ರೂಡ್ರೈವರ್ ಕೆಳಗಿಟ್ಟು, ಅತ್ತೆಯ ಮುಖ ನೋಡದೆ ಹೇಳಿದ: "ದೊಡ್ಡತ್ತೆ. ಹಿಂದಿನ ದಿನ ಸಂಜೆ ಅಂಗಡಿ ಮುಚ್ಚೋ ಹೊತ್ತಿಗೆ ಓಡಿ ಬಂದ್ರು. 'ಅವಳ ಗಾಡಿ ನಾಳೆ ಗೇಟು ದಾಟಬಾರದು, ಏನಾದ್ರೂ ಮಾಡು, ಯಾಕೆ ಅಂತ ಕೇಳಬೇಡ' ಅಂತ ನನ್ನ ಕೈ ಹಿಡ್ಕೊಂಡು ಬೇಡ್ಕೊಂಡ್ರು."

ನರ್ಸಮ್ಮನ ಮುಖದ ಬಣ್ಣವೇ ಬದಲಾಯಿತು. "ನಮ್ಮ ಅಕ್ಕ?" ಎಂದರು. "ನಮ್ಮ ಅಕ್ಕ ನನಗೋಸ್ಕರ ಓಡಿ ಬಂದ್ಲಾ?"

*

ಅಕ್ಕನ ಮನೆ ನರ್ಸಮ್ಮನ ಮನೆಗೆ ಎದುರಿಗೇ ಇತ್ತು. ನಡುವೆ ಒಂದು ಸಣ್ಣ ರಸ್ತೆ. ಭಾವ ಆಸ್ಪತ್ರೆಯಲ್ಲಿ ತೀರಿಕೊಂಡ ದಿನ ಆ ವಾರ್ಡಿನಲ್ಲಿ ಡ್ಯೂಟಿ ಮೇಲಿದ್ದವರು ನರ್ಸಮ್ಮನೇ. ತಂಗಿ ಸರಿಯಾಗಿ ನೋಡಿಕೊಳ್ಳಲಿಲ್ಲ ಎಂದು ಅಕ್ಕ ಅವತ್ತು ಮಾತು ಬಿಟ್ಟವರು ಮತ್ತೆ ಆಡಿರಲಿಲ್ಲ. ಕಸ ಗುಡಿಸುವಾಗ ಎದುರಾದರೂ ಇಬ್ಬರೂ ಪೊರಕೆಯನ್ನೇ ನೋಡುತ್ತಿದ್ದರು.

ಬಾಗಿಲು ತಟ್ಟಿದವರು ನರ್ಸಮ್ಮ. ತೆರೆದವರು ಅಕ್ಕ.

"ಅಕ್ಕ," ಎಂದರು ನರ್ಸಮ್ಮ. ಸುಮ್ಮನೆ ಕೈ ಮುಗಿದರು.

ಅಕ್ಕ ಆ ಕೈಗಳನ್ನು ಹಿಡಿದು ಕೆಳಗಿಳಿಸಿದರು. "ಕೈ ಮುಗೀಬೇಡ ನನಗೆ. ಒಳಗೆ ಬಾ. ಚಪ್ಪಲಿ ಹಾಕ್ಕೊಂಡೇ ಬಾ, ನೆಲ ತಣ್ಣಗಿದೆ, ನಿನ್ನ ಮಂಡಿ ನೋಯುತ್ತೆ."

ನರ್ಸಮ್ಮನ ಕಣ್ಣು ತುಂಬಿ ಬಂತು. ತನ್ನ ಮಂಡಿನೋವು ಅಕ್ಕನಿಗೆ ಗೊತ್ತಿತ್ತು. ರಸ್ತೆಯ ಆ ಕಡೆಯಿಂದ ಆಕೆ ಇಷ್ಟು ವರ್ಷ ನೋಡುತ್ತಲೇ ಇದ್ದಳು.

ಒಳಗೆ ಕೂತ ಮೇಲೆ ನಿಧಾನಪ್ಪ ಕೇಳಿದ. "ಗಾಡಿ ಹೊರಗೆ ಹೋಗಬಾರದು ಅಂತ ನಿಮಗೆ ಹೇಗೆ ತಿಳೀತು ಅಮ್ಮ? ಬ್ರೇಕ್ ಸಡಿಲ ಆಗಿರೋದು ಗೊತ್ತಿತ್ತಾ?"

"ಬ್ರೇಕೂ ಗೊತ್ತಿಲ್ಲ, ಮತ್ತೊಂದೂ ಗೊತ್ತಿಲ್ಲ. ಸಂಜೆ ಮಬ್ಬುಗತ್ತಲಲ್ಲಿ ಕಿಟಕಿ ಹಾಕೋಕೆ ಹೋದೆ. ಇವಳ ಗಾಡಿ ಕೆಳಗಿಂದ ಎರಡು ಕಾಲು ಆಚೆ ಚಾಚಿದ್ದವು. ಅಲ್ಲೇ ಟಾರ್ಚಿನ ಬೆಳಕೂ ಇತ್ತು. ಹಿಡಿದವರು ಗೋಡೆ ಮರೆಯಲ್ಲಿ, ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ಕೆಳಗಿದ್ದವನು ಎದ್ದು ಬಂದ." ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ನನ್ನ ಮಗ."

ಆ ಮಗುವನ್ನು ಹುಟ್ಟಿದ ಕೂಡಲೇ ಎತ್ತಿಕೊಂಡ ಕೈ ನರ್ಸಮ್ಮನದೇ.

"ಅವನಪ್ಪ ಹೋದ ಮೇಲೆ ನಾನು ಈ ಮನೇಲಿ ದಿನಾ ನಿನ್ನ ಶಪಿಸ್ತಿದ್ದೆ, ಕಣೇ," ಎಂದರು ಅಕ್ಕ ತಂಗಿಗೆ. "ಅವನು ಕೇಳ್ಕೊಂಡೇ ಬೆಳೆದ. ನನ್ನ ಮಾತೇ ಅವನ ತಲೆಗೇರಿತೇನೋ ಅಂತ ಎದೆ ಒಡೀತು. ಪೊಲೀಸರಿಗೆ ಹೇಳಿದ್ರೆ ಮಗ ಹೋಗ್ತಾನೆ. ಹೇಳದಿದ್ರೆ ನೀನು ಹೋಗ್ತೀಯ. ಗಾಡಿ ನಿಂತ್ರೆ ಇಬ್ಬರೂ ಉಳೀತೀರಿ ಅಂತ ನಿನ್ನ ಅಳಿಯನ ಹತ್ತಿರ ಓಡಿದೆ."

"ಮಗನನ್ನ ಕೇಳಿದ್ರಾ?" ಎಂದ ನಿಧಾನಪ್ಪ.

"ಕೇಳೋ ಧೈರ್ಯ ಬರಲಿಲ್ಲ. ಹೌದು ಅಂದುಬಿಟ್ರೆ?"

ಒಳಕೋಣೆಯ ಬಾಗಿಲಲ್ಲಿ ಸದ್ದಾಯಿತು. ಅಕ್ಕನ ಮಗ ಬಂದು ನಿಂತಿದ್ದ. ಶಾಲೆಯಲ್ಲಿ ಚಿತ್ರಕಲೆ ಹೇಳಿಕೊಡುವವನು; ಬೆರಳಿನಲ್ಲಿ ಇನ್ನೂ ನೀಲಿ ಬಣ್ಣವಿತ್ತು. ಎಲ್ಲವನ್ನೂ ಕೇಳಿಸಿಕೊಂಡಿದ್ದ ಎಂದು ಮುಖವೇ ಹೇಳುತ್ತಿತ್ತು.

"ಅಮ್ಮ, ನಾನು ಸಡಿಲ ಮಾಡಲಿಲ್ಲ," ಎಂದ. "ಬಿಗಿ ಮಾಡಿದ್ದು."

ಅಕ್ಕ ತಲೆಯೆತ್ತಿ ಅವನನ್ನೇ ನೋಡಿದರು.

"ಚಿಕ್ಕಪ್ಪ ಕರೆದ್ರು. 'ನಿನ್ನ ಚಿಕ್ಕಮ್ಮನ ಗಾಡಿ ಬ್ರೇಕಿನ ಪೈಪು ಸೋರ್ತಾ ಇದೆ, ನನಗೆ ಬಗ್ಗೋಕಾಗಲ್ಲ, ನೀನು ಒಂದು ನಟ್ಟು ಬಿಗಿ ಮಾಡು. ನಿಮ್ಮಮ್ಮನಿಗೆ ಗೊತ್ತಾದ್ರೆ ರಂಪ ಆಗುತ್ತೆ, ಯಾರಿಗೂ ಹೇಳಬೇಡ' ಅಂದ್ರು. ಚಿಕ್ಕಮ್ಮನಿಗೆ ಒಂದು ಸಣ್ಣ ಉಪಕಾರ ಮಾಡಿದ ಹಾಗಾಯ್ತು ಅಂತ ನನಗೂ ಖುಷಿಯಾಯ್ತು. ಆಮೇಲೆ ಆ ನಟ್ಟೇ ಸಡಿಲ ಇತ್ತು ಅಂತ ಕೇಳಿದೆ. ನಾನೇ ಸರಿಯಾಗಿ ಬಿಗೀಲಿಲ್ಲವೇನೋ ಅಂತ ಹೆದರಿ ಬಾಯಿ ಮುಚ್ಕೊಂಡೆ."

ಅಕ್ಕ ಎದ್ದು ಹೋಗಿ ಮಗನ ಎದೆಗೆ ಹಣೆ ಒತ್ತಿದರು. ಒಂದು ವಾರದಿಂದ ಕಟ್ಟಿಟ್ಟ ಅಳು ಒಮ್ಮೆಲೇ ಹೊರಬಂತು. "ಬಿಗಿ ಮಾಡಿದ್ನಂತೆ ಕಣೇ," ಎಂದು ತಂಗಿಗೆ ಹೇಳಿದರು. "ನನ್ನ ಮಗ ಬಿಗಿ ಮಾಡಿದ್ನಂತೆ." ನರ್ಸಮ್ಮ ಎದ್ದು ಇಬ್ಬರನ್ನೂ ತಬ್ಬಿಕೊಂಡರು. ಮೂವರೂ ಹಾಗೇ ನಿಂತರು.

ನಿಧಾನಪ್ಪ ಅವರ ಅಳು ಮುಗಿಯುವವರೆಗೂ ಕಾದ. ಬೇಗ ಕೇಳುವ ಇಷ್ಟವೂ ಅವನಿಗಿರಲಿಲ್ಲ.

"ಮೇಷ್ಟ್ರೇ, ಸ್ಪ್ಯಾನರ್ ಹಿಡಿದು ಅಭ್ಯಾಸ ಇದೆಯಾ?"

"ಇಲ್ಲ ಸಾರ್. ಅದೇ ಮೊದಲು. ಚಿಕ್ಕಪ್ಪನೇ ಟಾರ್ಚ್ ಹಿಡಿದು, ಯಾವ ಕಡೆಗೆ ತಿರುಗಿಸ್ಬೇಕು ಅಂತ ಹೇಳಿಕೊಟ್ರು."

"ತಿರುಗಿಸುವಾಗ ಹೇಗಿತ್ತು?"

"ಮೊದಲು ಅಲ್ಲಾಡಲೇ ಇಲ್ಲ. ಬಲ ಹಾಕಿದ ಮೇಲೆ ಸಲೀಸಾಗಿ ತಿರುಗ್ತು. ಇಷ್ಟು ಸಾಕು ಅಂದ್ರು."

"ಹೇಗೆ ತಿರುಗಿಸಿದ್ರಿ, ಕೈಯಲ್ಲಿ ತೋರಿಸಿ."

ಮೇಷ್ಟ್ರು ಕೆಳಗೆ ಮಲಗಿದವನಂತೆ ತಲೆಯೆತ್ತಿ, ನೀಲಿ ಬೆರಳುಗಳ ಕೈಯನ್ನು ಗಾಳಿಯಲ್ಲಿ ಮೇಲೆತ್ತಿ ತಿರುಗಿಸಿ ತೋರಿಸಿದ.

ಅದು ನಟ್ಟು ಬಿಗಿಯುವ ಸುತ್ತಲ್ಲ. ಬಿಚ್ಚುವ ಸುತ್ತು.

ಮೇಷ್ಟ್ರಿಗೆ ಅರ್ಥವಾಗಲಿಲ್ಲ. ಅಕ್ಕನಿಗೂ ಆಗಲಿಲ್ಲ. ನರ್ಸಮ್ಮನಿಗೆ ಆಯಿತು. ಎಷ್ಟೋ ಆಮ್ಲಜನಕದ ಸಿಲಿಂಡರುಗಳ ನಟ್ಟು ತಿರುಗಿಸಿದ ಕೈ ಅವರದು. ಅವರು ಮೆಲ್ಲಗೆ ಆ ಹುಡುಗನ ಕೈ ಹಿಡಿದು ಕೆಳಗಿಳಿಸಿದರು.

"ಅವತ್ತು ಸಂಜೆ ಅವರೇ ಅಂತ ಖಂಡಿತವಾ, ಮಗಾ?"

"ಮುಖ ನೋಡೇ ಮಾತಾಡಿದ್ದು, ಚಿಕ್ಕಮ್ಮ."

"ಅವತ್ತು ಬೆಳಿಗ್ಗೆ ನಾನೇ ನಮ್ಮನೆಯವರನ್ನ ರೈಲು ಹತ್ತಿಸಿ ಬಂದಿದ್ದೆ," ಎಂದರು ನರ್ಸಮ್ಮ ನಿಧಾನಪ್ಪನ ಕಡೆ ತಿರುಗಿ. ಧ್ವನಿ ನಡುಗಲಿಲ್ಲ. "ಗೆಳೆಯರ ಮನೆಗೆ ಅಂತ ಪರ ಊರಿಗೆ ಹೋದ್ರು. ಮಾರನೇ ದಿನ ಪೊಲೀಸರು ಬಂದು ಹೋದ ಮೇಲೇ ವಾಪಸ್ಸು ಬಂದದ್ದು. ಊರಲ್ಲೇ ಇರಲಿಲ್ಲ ಅಂತ ಅವರನ್ನ ಯಾರೂ ಒಂದು ಮಾತೂ ಕೇಳಲಿಲ್ಲ."

ಅವರ ಚೀಲದಲ್ಲಿ ಫೋನು ಬಡಿದುಕೊಳ್ಳತೊಡಗಿತು. ತೆಗೆದು ನೋಡಿದರು. ನಿಧಾನಪ್ಪನಿಗೂ ತೋರಿಸಿದರು. ಗಂಡನ ಹೆಸರು.

ತೆಗೆಯಬೇಡಿ ಎಂದು ನಿಧಾನಪ್ಪ ತಲೆಯಾಡಿಸುವಷ್ಟರಲ್ಲಿ ನರ್ಸಮ್ಮ ಫೋನನ್ನು ಕಿವಿಗಿಟ್ಟುಕೊಂಡಿದ್ದರು.

"ಹೂಂ, ಆಯ್ತು ರೀ. ಬರೀ ಕೇಬಲ್ಲು. ಪ್ಲೇಟು ಚೆನ್ನಾಗಿದೆಯಂತೆ." ಆ ಕಡೆಯ ಮಾತು ಕೇಳಿಸಿಕೊಂಡರು. "ಬರ್ತೀನಿ. ಕಾಫಿ ಈಗಲೇ ಮಾಡಬೇಡಿ, ಆರಿಹೋಗುತ್ತೆ."

ಕಿಟಕಿಯಾಚೆ, ರಸ್ತೆಯ ಆ ಬದಿಯಲ್ಲಿ, ಅವರದೇ ಮನೆಯ ಅಡುಗೆಮನೆಯ ದೀಪ ಉರಿಯುತ್ತಿತ್ತು. ನರ್ಸಮ್ಮ ಅದನ್ನೇ ನೋಡುತ್ತ, ರೋಗಿಗೆ ಎಲ್ಲಿ ನೋಯುತ್ತಿದೆ ಎಂದು ಕೇಳುವ ಮೆತ್ತನೆಯ ದನಿಯಲ್ಲಿ ಕೇಳಿದರು:

"ಒಂದು ಕೇಳೋದು ಮರೆತಿದ್ದೆ. ಅವತ್ತು ನೀವು ರೈಲು ಎಲ್ಲಿ ಇಳಿದ್ರಿ?"

ಫೋನು ಕಟ್ ಆಗಲಿಲ್ಲ. ಎದುರುಮನೆಯ ದೀಪ ಮಾತ್ರ ಆರಿತು.